ಭಾನುವಾರದ ಚರ್ಚೆ: ದೇಶ ಬಿಡಬೇಕಾಗಿ ಬಂದ ಇಬ್ಬರು ಚಿಂತಕಿಯರು

ಎಲ್ರಿಗೂ ನಮಸ್ಕಾರ 🙏 ಈ ಭಾನುವಾರ ಸಂಜೆ 6:30ಕ್ಕೆ ನಮ್ಮ ಓದು ಗುಂಪಿನ ಮೀಟಿಂಗ್ ಆನ್‌ಲೈನ್‌ನಲ್ಲೇ ಇರತ್ತೆ, ಹಾಲ್ ಸಿಕ್ಕಿಲ್ಲ, ಹಾಗಾಗಿ ಬೇರೆ ಊರಲ್ಲಿರೋರೂ ಸೇರ್ಕೋಬಹುದು. ವಿಷಯ, ರಾಜಕೀಯ ಕಾರಣಕ್ಕೆ ದೇಶ ಕಳ್ಕೊಂಡ ಹೆಂಗಸರ ತತ್ವಚಿಂತನೆ.

ಜರ್ಮನಿಯ ಯಹೂದಿ ಚಿಂತಕಿ ಹನ್ನಾ ಅರೆಂಟ್ ಬಗ್ಗೆ ಸುಮಾರು ಜನಕ್ಕೆ ಗೊತ್ತು. ನಾಜಿಗಳು ಅಧಿಕಾರಕ್ಕೆ ಬಂದ್ಮೇಲೆ 1933ರಲ್ಲಿ ಜರ್ಮನಿ ಬಿಟ್ರು, 1940ರಲ್ಲಿ ಫ್ರಾನ್ಸಿನ ಗುರ್ಸ್ ಶಿಬಿರದಲ್ಲಿ ಅವರನ್ನ ಕೂಡಿಹಾಕಿದ್ರು, 1941ರಲ್ಲಿ ನ್ಯೂಯಾರ್ಕ್ ಸೇರಿದ್ರೂ ಪೌರತ್ವ ಸಿಕ್ಕಿದ್ದು 1951ಕ್ಕೆ. ಯಾವ ದೇಶಕ್ಕೂ ಸೇರದೋರ ಮಾನವ ಹಕ್ಕನ್ನ ಕಾಯೋರು ಯಾರು ಅಂತ ಅವರು ಕೇಳಿದ್ದು ಸುಮ್ನೆ ಪುಸ್ತಕ ಓದಿ ಅಲ್ಲ.

ಸ್ಪೇನಿನ ಮರಿಯಾ ಸಾಂಬ್ರಾನೊ ಬಗ್ಗೆ ನಮ್ಮಲ್ಲಿ ಮಾತಾಡೋದೇ ಕಮ್ಮಿ, ಅದಕ್ಕೇ ಅವರಿಗೆ ಜಾಸ್ತಿ ಟೈಮ್ ಇಟ್ಟಿದೀನಿ. ಅಲ್ಲಿನ ಅಂತರ್ಯುದ್ಧದಲ್ಲಿ ಫ್ರಾಂಕೊ ವಿರುದ್ಧ ಗಣರಾಜ್ಯದ ಪರ ನಿಂತು, ಆ ಕಡೆಯವರು ಸೋಲೋ ಹೊತ್ತಿಗೆ 1939ರ ಜನವರಿಯಲ್ಲಿ ಗಡಿ ದಾಟಿದೋರು ಮೆಕ್ಸಿಕೊ, ಕ್ಯೂಬಾ, ರೋಮ್ ಅಂತೆಲ್ಲ ಇದ್ದು ವಾಪಸ್ ಬಂದಿದ್ದು 1984ರಲ್ಲಿ, ಅಷ್ಟ್ರಲ್ಲಿ 80 ವರ್ಷ ಆಗಿತ್ತು. 1946ರಲ್ಲಿ ಪ್ಯಾರಿಸ್‌ನಲ್ಲಿ ಅಮ್ಮ ತೀರ್ಕೊಂಡಾಗ ಹೊತ್ತಿಗೆ ಸರಿಯಾಗಿ ತಲುಪೋಕೂ ಆಗ್ಲಿಲ್ಲ, ಆಮೇಲೆ ತಂಗಿ ಅರಾಸೆಲಿನ ಜೊತೆಗೇ ಇಟ್ಕೊಂಡು ನೋಡ್ಕೊಂಡ್ರು. ಇಷ್ಟಾದ್ರೂ ದೇಶಭ್ರಷ್ಟತೆ ಇಲ್ದೆ ತನ್ನ ಬದುಕನ್ನ ಊಹಿಸ್ಕೊಳ್ಳೋಕೇ ಆಗಲ್ಲ ಅಂದೋರು ಅವರು! ನನಗಂತೂ ಈ ಮಾತನ್ನ ಒಪ್ಪೋದು ಕಷ್ಟ, ಬಿಡೋದೂ ಕಷ್ಟ, ನೀವೆಲ್ಲ ಏನಂತೀರಿ ಕೇಳ್ಬೇಕು.

ಇಬ್ಬರ ಬಗ್ಗೆ ಎರಡು ಪುಟದ ಟಿಪ್ಪಣಿ ಇವತ್ತು ರಾತ್ರಿ ಹಾಕ್ತೀನಿ, ದಯವಿಟ್ಟು ಓದ್ಕೊಂಡು ಬನ್ನಿ. ಬರೋರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಲಿಂಕ್ ಶನಿವಾರ ಕಳಿಸ್ತೀನಿ. ಐದು ನಿಮಿಷ ಮಾತಾಡೋಕೆ ಇಬ್ಬರು ಬೇಕು, ಯಾರು ರೆಡಿ ಇದೀರಿ ನಂಗೆ ಮೆಸೇಜ್ ಮಾಡಿ ಪ್ಲೀಸ್.