‘ಇತಿಹಾಸದಲ್ಲೇ ಮೊದಲು’ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಸುಂಟರಗಾಳಿ (ಟೊರ್ನಾಡೊ) ವಿರಳವೆನಿಸಿದ ಪ್ರದೇಶದಲ್ಲಿ ಅದು ಎದ್ದಾಗಲೆಲ್ಲ ಪತ್ರಿಕಾ ವರದಿಗಳಲ್ಲಿ ‘ಹಿಂದೆಂದೂ ಕಾಣದ’, ‘ಇತಿಹಾಸದಲ್ಲೇ ಮೊದಲು’ ಎಂಬ ಮಾತುಗಳು ತಪ್ಪದೆ ಬರುತ್ತವೆ. ಅಲ್ಲಿ ಈವರೆಗೆ ಇಲ್ಲದಿದ್ದದ್ದು ಸುಂಟರಗಾಳಿಯೋ, ಅದನ್ನು ಕಂಡು ಬರೆದಿಟ್ಟವರೋ ಎಂಬುದನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ವಿನಂತಿ.

ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,200 ಸುಂಟರಗಾಳಿಗಳು ದಾಖಲಾಗುತ್ತವೆ. ಬ್ರಿಟನ್ನಿನಲ್ಲಿ ದಾಖಲಾಗುವುದು 30ರ ಆಸುಪಾಸು. ಆದರೆ ಬ್ರಿಟನ್ನಿನ ವಿಸ್ತೀರ್ಣ ಅಮೆರಿಕದ ಸುಮಾರು ನಲವತ್ತರಲ್ಲೊಂದು ಪಾಲು ಮಾತ್ರವಾದ್ದರಿಂದ, ವಿಸ್ತೀರ್ಣಕ್ಕೆ ತಕ್ಕಂತೆ ಭಾಗಿಸಿದರೆ ಎರಡೂ ದೇಶಗಳ ಲೆಕ್ಕ ಹೆಚ್ಚುಕಡಿಮೆ ಸಮವಾಗುತ್ತದೆ! ಬ್ರಿಟನ್ನಿನವು ಬಹುಪಾಲು ದುರ್ಬಲವಾಗಿದ್ದು ಕೆಲವೇ ನಿಮಿಷಗಳಲ್ಲಿ ಅಡಗಿಹೋಗುವುದರಿಂದ ಆ ದೇಶಕ್ಕೆ ಸುಂಟರಗಾಳಿಯ ಹೆಸರು ಅಂಟಿಲ್ಲ, ಅಷ್ಟೆ. ಹಾಗೆಂದು ವಿರಳವಾದ ಕಡೆ ಬರುವುದೆಲ್ಲ ದುರ್ಬಲವೆಂದೂ ತಿಳಿಯಬಾರದು. 2021ರ ಜೂನ್ 24ರಂದು ಚೆಕ್ ಗಣರಾಜ್ಯದ ದಕ್ಷಿಣ ಮೊರಾವಿಯಾದಲ್ಲಿ ಎದ್ದ ಸುಂಟರಗಾಳಿ ಹಲವು ಹಳ್ಳಿಗಳನ್ನು ಧ್ವಂಸಗೊಳಿಸಿ ಆರು ಜನರನ್ನು ಬಲಿ ಪಡೆಯಿತು.

ಎತ್ತರದ ಬೆಟ್ಟಸೀಮೆಯಲ್ಲಿ ಸುಂಟರಗಾಳಿ ಏಳುವುದಿಲ್ಲವೆಂಬ ನಂಬಿಕೆಯೂ ವ್ಯಾಪಕವಾಗಿದೆ. 1987ರ ಜುಲೈ 21ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಟೀಟನ್ ಅರಣ್ಯದಲ್ಲಿ, ಸಮುದ್ರಮಟ್ಟಕ್ಕಿಂತ 3,000 ಮೀಟರಿಗೂ ಎತ್ತರದವರೆಗೆ ಸಾಗಿದ ಪ್ರಬಲ ಸುಂಟರಗಾಳಿಯೊಂದು ಅಸಂಖ್ಯ ಮರಗಳನ್ನು ನೆಲಕ್ಕೊರಗಿಸಿತು. ಮರಗಳು ಬಿದ್ದ ಬಗೆಯನ್ನು ವೈಮಾನಿಕ ಚಿತ್ರಗಳಲ್ಲಿ ಪರಿಶೀಲಿಸಿ ಅದರ ತೀವ್ರತೆಯನ್ನು ನಿರ್ಧರಿಸಿದವರು ವಿಜ್ಞಾನಿ ಫುಜಿಟಾ. ಅವರಂಥವರ ಕಣ್ಣಿಗೆ ಬೀಳದಿದ್ದರೆ ಆ ನಿರ್ಜನ ಕಾಡಿನ ಹಾನಿ ಯಾವುದೋ ಬಿರುಗಾಳಿಯ ಲೆಕ್ಕಕ್ಕೆ ಸೇರಿಹೋಗುತ್ತಿತ್ತೇನೋ.

ನೋಡುವವರು ಹೆಚ್ಚಿದಂತೆ ಎಣಿಕೆಯೂ ಏರುತ್ತದೆ. 1990ರ ದಶಕದಲ್ಲಿ, ಮೋಡದೊಳಗಿನ ಗಾಳಿಯ ಚಲನೆಯನ್ನೂ ಗುರುತಿಸುವ ಡಾಪ್ಲರ್ ರೇಡಾರ್‌ಗಳ ಜಾಲ ಹರಡಿದ ಮೇಲೆ ಅಮೆರಿಕದಲ್ಲೇ ದುರ್ಬಲ ಸುಂಟರಗಾಳಿಗಳ ದಾಖಲೆ ಹೆಚ್ಚಿತು. ಪ್ರಬಲವಾದವುಗಳ ಸಂಖ್ಯೆ ಹಾಗೆ ಏರಲಿಲ್ಲ. ಆದ್ದರಿಂದ ವಿರಳ ಪ್ರದೇಶವೊಂದರಲ್ಲಿ ಎಣಿಕೆ ಹೆಚ್ಚಿದ್ದನ್ನು ಕಂಡ ಕೂಡಲೇ ಹವಾಮಾನವೇ ಬದಲಾಯಿತೆಂದು ತೀರ್ಮಾನಿಸುವುದು ಆತುರವಾದೀತು.

ಹೆಸರಿನ ಗೊಂದಲವೂ ಈ ಲೆಕ್ಕವನ್ನು ಕೆಡಿಸುತ್ತಿದೆ. ಬಿಸಿಲಿಗೆ ಕಾದ ನೆಲದಿಂದ ಧೂಳೆಬ್ಬಿಸಿಕೊಂಡು ಏಳುವ ಸುಳಿಗಾಳಿಯನ್ನೂ, ಗುಡುಗುಮೋಡದಿಂದ ನೆಲದವರೆಗೆ ಸುತ್ತುತ್ತ ಇಳಿಯುವ ಗಾಳಿಯ ಕಂಬವನ್ನೂ ನಾವು ಸುಂಟರಗಾಳಿಯೆಂದೇ ಬರೆಯುತ್ತೇವೆ. ಕೆಲವೊಮ್ಮೆ ನೂರಾರು ಕಿಲೋಮೀಟರ್ ವ್ಯಾಪಿಸುವ ಚಂಡಮಾರುತಕ್ಕೂ ಇದೇ ಹೆಸರು ಬೀಳುವುದುಂಟು. ಹಾನಿ ಮಾಡಿದ್ದು ಯಾವ ಗಾಳಿಯೆಂಬುದಕ್ಕೆ ಬಿದ್ದ ಮರಗಳೇ ಸುಳಿವು ಕೊಡುತ್ತವೆ. ಮೋಡದಿಂದ ರಭಸವಾಗಿ ಕೆಳಗೆ ನುಗ್ಗಿದ ಗಾಳಿಯಾದರೆ ಮರಗಳು ಒಂದೇ ದಿಕ್ಕಿಗೆ ಅಥವಾ ಬೀಸಣಿಗೆಯಂತೆ ಹೊರಮುಖವಾಗಿ ಬಿದ್ದಿರುತ್ತವೆ. ಸುಂಟರಗಾಳಿಯಾದರೆ ಹಾನಿ ಕಿರಿದಾದ ಉದ್ದ ಪಟ್ಟಿಯಲ್ಲಿರುತ್ತದೆ, ಎರಡೂ ಬದಿಯ ಮರಗಳು ಹಲವೆಡೆ ಒಳಮುಖವಾಗಿ ಒರಗಿರುತ್ತವೆ.

ಪಟ್ಟಿಯ ಅಗಲ, ಗಾಳಿ ಬೀಸಿದ ಅವಧಿ, ಮರಗಳು ಒರಗಿದ ದಿಕ್ಕು – ವರದಿಗಾರರು ಈ ಮೂರನ್ನು ಬರೆದುಕೊಂಡು ಬಂದರೆ, ‘ಮೊದಲು’ ಎಂಬ ಪದಕ್ಕಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುವ ದಾಖಲೆ ನಿಮ್ಮ ಪುಟಗಳಲ್ಲೇ ಸಿದ್ಧವಾಗುತ್ತದೆ.

ಇತಿ,
ನಿಮ್ಮ ಓದುಗ