ಸಂಗೀತದ ಶಾಸ್ತ್ರ ಹೇಳಿಕೊಡುವವರು ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಹಿಂದೂಸ್ತಾನಿ ಗಾಯನದ ಸೀನಿಯರ್ ಪರೀಕ್ಷೆಗೆ ಕೂರಬೇಕು. ಹಾಡುವುದಕ್ಕೆ ಗುರುಗಳಿದ್ದಾರೆ, ಅದರ ಚಿಂತೆಯಿಲ್ಲ. ಶಾಸ್ತ್ರದ ಪೇಪರ್‌ಗೆ ಶಿರಸಿಯಲ್ಲಿ ಯಾರಾದರೂ ಸಿಗಬಹುದಾ?

ರಾಗಗಳನ್ನು ವಿಂಗಡಿಸುವ ಭಾತಖಂಡೆಯವರ ಹತ್ತು ಥಾಟ್ ಬಾಯಿಪಾಠ ಬರುತ್ತದೆ. ಆದರೆ ಸುಮ್ನೆ ಬಾಯಿಪಾಠದಿಂದ ಏನು ಪ್ರಯೋಜನ? ಭೂಪ್, ದೇಶಕಾರ್ ಎರಡೂ ರಾಗಕ್ಕೆ ಸ ರಿ ಗ ಪ ದ ಎಂಬ ಅದೇ ಐದು ಸ್ವರ. ಭೂಪ್‌ಗೆ ಗ ವಾದಿ, ಅಂದರೆ ಮುಖ್ಯ ಸ್ವರ; ದೇಶಕಾರ್‌ಗೆ ದ. ಅಷ್ಟರಿಂದಲೇ ರಾಗ ಹೇಗೆ ಬೇರೆಯಾಗುತ್ತದೆ ಎಂದು ಹಾಡಿ ತೋರಿಸಿ ಬಿಡಿಸಿ ಹೇಳುವವರು ಬೇಕು. ತಾಳ ಬರೆಯುವುದು ಇನ್ನೂ ಜಾಸ್ತಿ ಕಷ್ಟವಾಗುತ್ತಿದೆ. 10 ಮಾತ್ರೆಯ (ಎಣಿಕೆಯ) ಝಪ್‌ತಾಳವನ್ನು ತಿಗುನ್‌ನಲ್ಲಿ (ಮೂರು ಪಟ್ಟು ವೇಗದಲ್ಲಿ) ಬರೆದು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಸೇರಿಸಬೇಕೆಂದರೆ 7ನೇ ಮಾತ್ರೆಯನ್ನು ಮೂರು ಪಾಲು ಮಾಡಿ ಕೊನೆಯ ಪಾಲಿನಿಂದ ಶುರು ಮಾಡಬೇಕು, ಅಲ್ಲೇ ತಪ್ಪುತ್ತಾಳೆ.

ವಾರಕ್ಕೆ ಒಂದು ದಿನ ಸಾಕು, ಭಾನುವಾರ ಬೆಳಿಗ್ಗೆಯಾದರೆ ಒಳ್ಳೆಯದು. ಸಿದ್ದಾಪುರ, ಯಲ್ಲಾಪುರವಾದರೂ ಕರೆದುಕೊಂಡು ಬರುತ್ತೇನೆ. ಕುಮಟಾ, ಕಾರವಾರದವರಾದರೆ ವಿಡಿಯೋ ಕಾಲ್‌ನಲ್ಲಿ ಆಗಬಹುದು, ಮಳೆಗಾಲದಲ್ಲಿ ಘಟ್ಟ ಇಳಿದು ಹತ್ತುವುದು ಬೇಡ. ಫೀ ಎಷ್ಟೆಂದು ಮೊದಲೇ ಹೇಳಿ, ಕೊಡುತ್ತೇನೆ.

ಗೊತ್ತಿದ್ದವರು ದಯವಿಟ್ಟು ನನಗೇ ಬೇರೆಯಾಗಿ ಮೆಸೇಜ್ ಮಾಡಿ. ಅವರನ್ನು ಕೇಳದೆ ಯಾರ ನಂಬರನ್ನೂ ಗುಂಪಿನಲ್ಲಿ ಹಾಕಬೇಡಿ.