ದುಃಖದ ಮನೆಗೂ ಕ್ರಿಸ್‌ಮಸ್ ತಂದವರಿಗೆ

ಎಲ್ಲರಿಗೂ ಕರ್ತನಲ್ಲಿ ವಂದನೆ. ನಮ್ಮ ಸಭೆಯವರಷ್ಟೇ ಅಲ್ಲ, ಓಣಿಯವರು, ನಮ್ಮವರ ಜೊತೆ ಕೆಲಸ ಮಾಡಿದವರು, ಆಸ್ಪತ್ರೆಯಲ್ಲಿ ಗುರುತಾದವರು ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕಾದ ಮಾತು ಇದು. ಆದರೆ ಹೋದರೆ ಮಾತಿಗಿಂತ ಮೊದಲು ಕಣ್ಣೀರು ಬರುತ್ತದೆ. ನೀವು ಚಹಾ ಮಾಡಿಕೊಟ್ಟು ನನಗೇ ಸಮಾಧಾನ ಹೇಳುತ್ತ ಕೂರುತ್ತೀರಿ, ಹೇಳಲು ಬಂದದ್ದು ಬಾಯಲ್ಲೇ ಉಳಿಯುತ್ತದೆ. ಜನವರಿ 6 ಬರಲಿ, ಕೂಸು ಯೇಸುವನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರ ದಿನವೂ ಆಗಿಹೋಗಲಿ, ಆಮೇಲೆ ಸಾವಕಾಶ ಬರೆಯೋಣ ಅಂತ ಕಾದಿದ್ದೆ.

ನಮ್ಮವರು, ನನ್ನ ಗಂಡ, ಜುಲೈನಲ್ಲಿ ತೀರಿಕೊಂಡು ಕರ್ತನಲ್ಲಿ ನಿದ್ರೆ ಹೋದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಿಬರುವುದೇ ನಮ್ಮ ಸಂಸಾರವಾಗಿತ್ತು. ಹೋಗುವಾಗ ಚಿಗರಿ ಬಸ್ಸು, ಬರುವಾಗ ಆಟೊ, ಯಾಕೆಂದರೆ ನಾಲ್ಕು ತಾಸು ಮಷೀನಿಗೆ ಕೈಕೊಟ್ಟು ಎದ್ದವರಿಗೆ ಸ್ಟಾಪಿನ ತನಕ ನಡೆಯುವಷ್ಟೂ ಬಲ ಇರುತ್ತಿರಲಿಲ್ಲ. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಬೆಳಿಗ್ಗೆ ಅಷ್ಟನ್ನು ಒಂದು ಸ್ಟೀಲ್ ತಂಬಿಗೆಯಲ್ಲಿ ತೆಗೆದಿಡುತ್ತಿದ್ದೆ. ಮಾತ್ರೆ, ಚಹಾ, ಸಾರು ಎಲ್ಲಾ ಅದರಲ್ಲೇ ಲೆಕ್ಕ. ಏಪ್ರಿಲ್ ಬಿಸಿಲಿನಲ್ಲಿ ಸಣ್ಣದೊಂದು ಐಸ್ ತುಂಡು ಬಾಯಿಗಿಟ್ಟುಕೊಂಡು "ಇವತ್ತ ನನಗ ಹಬ್ಬ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಆ ದಿನಗಳ ಬಗ್ಗೆ ಬರೆಯಲಾರೆ. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ್ದ ಎಡಗೈಯ ಫಿಸ್ಟುಲಾಕ್ಕೆ ಸೂಜಿ ಚುಚ್ಚುವಾಗ ಬೇಕಂತಲೇ ಕ್ರಿಕೆಟ್ ಮಾತು ತೆಗೆಯುತ್ತಿದ್ದ ಡಯಾಲಿಸಿಸ್ ವಿಭಾಗದ ತಮ್ಮಂದಿರೇ, ಇವರ ಸರದಿ ಮುಗಿಯುವ ತನಕ ಗೇಟಿನ ಹತ್ತಿರ ಆಟೊ ನಿಲ್ಲಿಸಿಕೊಂಡು ಕಾದು, ವೇಟಿಂಗ್ ಅಂತ ಒಂದು ರೂಪಾಯಿ ಹೆಚ್ಚಿಗೆ ಕೇಳದ ಅಣ್ಣಾರೇ, ನಿಮ್ಮನ್ನು ನೆನೆಯದೆ ಒಂದು ರಾತ್ರಿಯೂ ಪ್ರಾರ್ಥನೆ ಮುಗಿಸಿಲ್ಲ.

ಮಣ್ಣು ಮಾಡಿ ಬಂದ ದಿನ ಜಿಟಿಜಿಟಿ ಮಳೆ. ನಮ್ಮ ಮನೆಯಲ್ಲಿ ಒಲೆ ಹಚ್ಚುವವರಿರಲಿಲ್ಲ. ಓಣಿಯವರು ಸರದಿ ಹಾಕಿಕೊಂಡು ಬುತ್ತಿ ತಂದರು. ಜೋಳದ ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ, ಅತ್ತೆಯವರಿಗೆ ಹಲ್ಲಿಲ್ಲ ಅಂತ ನೆನಪಿಟ್ಟು ಬೇರೆಯಾಗಿ ಮೆತ್ತನ್ನ ಅನ್ನ. ಯಾರು ಯಾವ ದಿನ ತಂದರು ಅನ್ನುವುದು ನನಗೆ ಗೊತ್ತಿಲ್ಲ. ಆ ದಿನಗಳಲ್ಲಿ ಎದುರಿಗೆ ಬಂದ ಮುಖವೇ ನೆನಪಿಲ್ಲ, ರುಚಿ ಮಾತ್ರ ಇದೆ.

ನಿಜವಾದ ಕಷ್ಟ ಶುರುವಾದದ್ದು ನವೆಂಬರ್ ಕೊನೆಗೆ. ಸಭೆಯಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚಿದರು. ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಒಬ್ಬ ಹಿರಿಯರು ಮೆಲ್ಲಗೆ, "ಈ ವರ್ಷ ನಿಮ್ಮದು ಏನಿಲ್ಲ ಅಲ್ಲಾ, ಸ್ಟಾರ್ ಹಚ್ಚೂದು, ಕರ್ಚಿಕಾಯಿ ಮಾಡೂದು?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಸುವಾರ್ತೆ ಸಾರಲು ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ರೂಢಿಗಳು ನಮ್ಮ ಮುತ್ತಜ್ಜಂದಿರ ಜೊತೆಗೇ ಸಭೆಯೊಳಕ್ಕೆ ಬಂದವು. ವರ್ಷ ತುಂಬುವ ತನಕ ಸಾವಾದ ಮನೆಯಲ್ಲಿ ಹಬ್ಬ ಬೇಡ ಅನ್ನುವುದೂ ಅವುಗಳಲ್ಲಿ ಒಂದು. ಅದರಲ್ಲಿ ಒಂದು ಮರ್ಯಾದೆಯೂ ಇದೆ ಅಂತ ನಾನು ಈಗಲೂ ನಂಬುತ್ತೇನೆ. ನಗಲಾರದವರನ್ನು ನಗು ಅಂತ ಯಾರೂ ಒತ್ತಾಯ ಮಾಡಬಾರದು. ಆವತ್ತು ಆ ಮಾತು ಕೇಳಿ ನನಗೆ ಹಗುರವೇ ಆಯಿತು. ಬಾಗಿಲು ಹಾಕಿಕೊಂಡು ಡಿಸೆಂಬರ್ ದಾಟಿಬಿಟ್ಟರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಸ್ತ್ರೀಯರ ಅನ್ಯೋನ್ಯಕೂಟದಿಂದ ಫೋನು ಬಂತು. ಬುಧವಾರದ ಪ್ರಾರ್ಥನೆಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ, ನೀವು ಏನೂ ಮಾಡಬೇಡಿ, ಚಹಾ ನಾವೇ ಥರ್ಮಾಸಿನಲ್ಲಿ ತರುತ್ತೇವೆ ಅಂದರು. ಬೇಡ ಅನ್ನಲು ಆಗಲಿಲ್ಲ. ಸಭಾಪಾಲಕರೂ ಬಂದಿದ್ದರು. ಓದುವುದಕ್ಕೆ ನನಗೆ ಕೊಟ್ಟ ಭಾಗ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ. ಕುರುಬರು, ದೂತರು, ಗೋದಲಿ ಓದಲು ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಬೆರಳಿಟ್ಟು ತೋರಿಸಿದ್ದು ಅಲ್ಲಿಂದ ಮುಂದೆ, ಕ್ರಿಸ್‌ಮಸ್ ನಾಟಕದಲ್ಲಿ ಯಾರೂ ಆಡದ ಭಾಗ. ಕೂಸಿಗೆ ನಲವತ್ತು ದಿನ ತುಂಬಿದ ಮೇಲೆ ಯೋಸೇಫ ಮರಿಯರು ಅದನ್ನು ಎತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಕುರಿಮರಿ ಕೊಡುವ ಶಕ್ತಿ ಇಲ್ಲದವರಿಗೆ ಮೋಶೆಯ ಧರ್ಮಶಾಸ್ತ್ರ ಎರಡು ಹಕ್ಕಿ ಸಾಕು ಅಂದಿತ್ತು. ಇವರು ತಂದದ್ದು ಆ ಬಡವರ ಕಾಣಿಕೆಯೇ. ಅಲ್ಲಿ ಮುದುಕ ಸಿಮೆಯೋನ ಕೂಸನ್ನು ಎತ್ತಿಕೊಂಡು ದೇವರನ್ನು ಕೊಂಡಾಡುತ್ತಾನೆ, ಅದೇ ಉಸಿರಿನಲ್ಲಿ ತಾಯಿಗೆ, ನಿನ್ನ ಪ್ರಾಣಕ್ಕೂ ಅಲಗು ನಾಟುತ್ತದೆ ಅನ್ನುತ್ತಾನೆ. ಕೂಸಿನ ಮನೆಗೆ ಬಂದು ಇಂಥ ಮಾತಾಡುವ ಮುದುಕರು ನಮ್ಮಲ್ಲೂ ಇದ್ದಾರೆ, ಆದರೆ ಇದು ಹಾಗಲ್ಲ. ಆಮೇಲೆ ಅನ್ನಳು ಬರುತ್ತಾಳೆ.

ಅಸೇರನ ಕುಲದ ಫನುವೇಲನ ಮಗಳು. ಗಂಡನ ಜೊತೆ ಬಾಳಿದ್ದು ಏಳೇ ವರ್ಷ. ಈಗ 84ರ ವಿಧವೆ, ದೇವಾಲಯ ಬಿಟ್ಟು ಹೋಗದೆ ರಾತ್ರಿ ಹಗಲು ಉಪವಾಸ, ಪ್ರಾರ್ಥನೆ. ಎಷ್ಟೋ ವರ್ಷ ಈ ವಚನಗಳನ್ನು ಓದಿದ್ದೇನೆ. ಈ ಸಲ "ವಿಧವೆ" ಅಂತ ಬಂದಲ್ಲಿ ಗಂಟಲು ಕಟ್ಟಿತು. ಪಕ್ಕದಲ್ಲಿದ್ದವರು ನನ್ನ ಮೊಣಕೈ ಹಿಡಿದುಕೊಂಡು ಮುಂದಿನ ಸಾಲು ಓದಿದರು, ಮತ್ತೆ ನಾನು ಸೇರಿಕೊಂಡೆ. ಅನ್ನಳು ಏನು ಹೇಳಿದಳು ಅಂತ ಲೂಕನು ಒಂದು ಮಾತನ್ನೂ ಬರೆದಿಲ್ಲ. ಸಿಮೆಯೋನನ ಹಾಡು ಪೂರ್ತಿ ಇದೆ, ಅವಳದಿಲ್ಲ. ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಕೂಸಿನ ವಿಷಯ ಹೇಳುತ್ತಿದ್ದಳು ಅಂತ ಮಾತ್ರ ಇದೆ. ರಕ್ಷಕನನ್ನು ಕಂಡವರಲ್ಲಿ ಮೊದಲ ಸಾಲಿನಲ್ಲೇ ಒಬ್ಬ ವಿಧವೆ ನಿಂತಿದ್ದಾಳೆ. ಅವಳ ದುಃಖ ಮುಗಿಯಲಿ, ಆಮೇಲೆ ಬರಲಿ ಅಂತ ದೇವರು ಕಾಯಲಿಲ್ಲ.

ಓದು ಮುಗಿದು ಎಲ್ಲರೂ ಸುಮ್ಮನಿದ್ದಾಗ ಮಂಚದ ಮೇಲಿಂದ ನಮ್ಮ ಅತ್ತೆಯವರ ದನಿ ಬಂತು: "ಆಕೀಗೆ ಊಟಕ್ಕ ಯಾರು ಹಾಕತಿದ್ರಂತ?" ಅವರಿಗೂ ಹೆಚ್ಚು ಕಡಿಮೆ ಅನ್ನಳಷ್ಟೇ ವಯಸ್ಸು. ಅವರೂ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಈಗ ಮಗನನ್ನೂ. ಕೆಲವರು ನಕ್ಕರು. ಸಭಾಪಾಲಕರು ನಗಲಿಲ್ಲ. "ಅಮ್ಮಾ, ಬರೆದಿಲ್ಲ. ಆದರ ಯಾರೋ ಹಾಕಿರಬೇಕಲ್ರಿ. ದಿನಾ ಉಪವಾಸ ಮಾಡಿದ್ರ ಎಂಭತ್ನಾಲ್ಕು ತನಕ ಬದುಕಾಕ ಆಗೂದಿಲ್ಲ" ಅಂದರು.

ಈ ಬರಹ ಬರೆಯುತ್ತಿರುವುದೇ ಅತ್ತೆಯವರ ಆ ಪ್ರಶ್ನೆಯಿಂದ. ದೇವಾಲಯದಲ್ಲಿ ಅವಳಿಗೆ ಒಂದು ಮೂಲೆ ಬಿಟ್ಟುಕೊಟ್ಟವರು, ಚಳಿಗೆ ಕಂಬಳಿ ಕೊಟ್ಟವರು, ಉಪವಾಸ ಬಿಡುವಾಗ ರೊಟ್ಟಿ ಮುರಿದುಕೊಟ್ಟವರು ಯಾರೋ ಇದ್ದಿರಲೇಬೇಕು. ಅವರಿಲ್ಲದಿದ್ದರೆ ಆ ದಿನ ಕೂಸು ಬಂದಾಗ ನೋಡಲು ಅವಳು ಅಲ್ಲಿರುತ್ತಿರಲಿಲ್ಲ. ಸುವಾರ್ತೆಯಲ್ಲಿ ಹೆಸರಿಲ್ಲದ ಅಂಥವರ ಸಾಲಿಗೆ ನಾನು ನಿಮ್ಮನ್ನು ಸೇರಿಸಿದ್ದೇನೆ.

ಅದಾದ ಮೇಲೆ ಸ್ಟಾರಿನ ಮಾತು. ನಮ್ಮವರು ಹೆಸ್ಕಾಂನಲ್ಲಿ ಲೈನ್‌ಮನ್ ಆಗಿದ್ದವರು. ಬಿದಿರಿನ ಸೀಳು, ಬಣ್ಣದ ಹಾಳೆ, ಮೈದಾ ಅಂಟು ಇಟ್ಟುಕೊಂಡು ಪ್ರತಿ ವರ್ಷ ತಾವೇ ಕೂತು ಸ್ಟಾರ್ ಕಟ್ಟುತ್ತಿದ್ದರು. ಅಂಗಡಿಯ ಸ್ಟಾರು ಅವರ ಕಣ್ಣಿಗೆ ಸ್ಟಾರೇ ಅಲ್ಲ. ಹಳೆಯದರ ಬಿದಿರಿನ ಚೌಕಟ್ಟು ಅಟ್ಟದ ಮೇಲಿತ್ತು. ಅತ್ತೆಯವರು "ಅದನ್ನ ಇಳಸ್ರಿ" ಅಂದುಬಿಟ್ಟರು. ನಮ್ಮವರ ಸೆಕ್ಷನ್ನಿನ ಗೆಳೆಯರಿಬ್ಬರು ಡ್ಯೂಟಿ ಮುಗಿಸಿ ಬಂದು, ಹರಿದ ಹಾಳೆ ಕಿತ್ತು ಹೊಸದು ಅಂಟಿಸಿ, ಸುಟ್ಟಿದ್ದ ಹೋಲ್ಡರ್ ಬದಲಿಸಿದರು. ಇಬ್ಬರೂ ಕ್ರೈಸ್ತರಲ್ಲ, ಒಂದು ಮೂಲೆ ಕೆಳಗೆ ಬರಬೇಕೋ ಮೇಲೆ ಬರಬೇಕೋ ಅಂತ ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಕಟ್ಟಿದ್ದು ಸ್ವಲ್ಪ ವಾಲಿದೆ. ನಮ್ಮವರಾಗಿದ್ದರೆ ಇಳಿಸಿ ಮತ್ತೆ ಕಟ್ಟುತ್ತಿದ್ದರು. ನನಗೆ ಹಾಗೇ ಇರಲಿ ಅನ್ನಿಸಿತು.

ಕ್ಯಾರಲ್‌ನ ಹುಡುಗರಿಗೆ ಬೇರೆಯಾಗಿ ಹೇಳಬೇಕು. ನಮ್ಮ ಮನೆ ಯಾವಾಗಲೂ ನಿಮ್ಮ ಪಟ್ಟಿಯಲ್ಲಿ ಕೊನೆಯದು, ಯಾಕೆಂದರೆ ನಿಮ್ಮ ಜೊತೆ ತಿರುಗುತ್ತಿದ್ದ ನಮ್ಮವರು ಬಂದು ಮುಟ್ಟುವ ಜಾಗ ಅದು. ಮಧ್ಯರಾತ್ರಿ ದಾಟಿದ ಮೇಲೆ ಗೇಟಿನ ಹೊರಗೆ ಪಿಸುಪಿಸು ಕೇಳಿತು. ಆಮೇಲೆ ಒಬ್ಬ ಒಳಗೆ ಬಂದು, "ಆಂಟಿ, ಹಾಡ್ಬೇಕೇನ್ರಿ? ಬ್ಯಾಡಂದ್ರ ಪ್ರಾರ್ಥನೆ ಅಷ್ಟ ಮಾಡಿ ಹೋಗ್ತೀವಿ" ಅಂದ. ಆ ಒಂದು ಪ್ರಶ್ನೆಗೆ ನಿಮ್ಮ ತಾಯಿ-ತಂದೆಯರ ಕಾಲಿಗೆ ಬೀಳಬೇಕು ಅನ್ನಿಸಿತು. ಹಾಡಿ ಅಂದೆ. ಡೋಲಕ್ ಬಡಿಯದೆ, ಗಿಟಾರ್ ಒಂದರಲ್ಲೇ ಹಾಡಿದಿರಿ. ಸಾಂತಾ ಕ್ಲಾಸ್ ವೇಷದ ಹುಡುಗ ಗಡ್ಡ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮವರು ಹಾಡುತ್ತಿದ್ದ ಕೆಳಸ್ವರ ಈ ಸಲ ಇರಲಿಲ್ಲ. ಅದನ್ನು ತುಂಬಲು ಯಾರೂ ಹೋಗಲೂ ಇಲ್ಲ. ಅದಕ್ಕೂ ಧನ್ಯವಾದ.

ಸಮಾಧಾನ ಹೇಳಲು ಬಂದವರಲ್ಲಿ ಹಲವರು, ದೇವರಿಗೆ ಬೇಕಾದವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಅಂದಿರಿ. ನಿಮ್ಮ ಪ್ರೀತಿ ನನಗೆ ಗೊತ್ತು, ಬಂದದ್ದಕ್ಕೆ ಋಣಿ. ಆದರೆ ಆ ಮಾತನ್ನು ನಾನು ಒಪ್ಪಲಾರೆ, ಒಪ್ಪದಿರುವ ಧೈರ್ಯ ಕೊಟ್ಟದ್ದೂ ಕ್ರಿಸ್‌ಮಸ್ ಕಥೆಯೇ. ಡಿಸೆಂಬರ್ 28ರಂದು ಅರಸ ಹೆರೋದನ ಕೈಯಲ್ಲಿ ಸತ್ತ ಬೇತ್ಲೆಹೇಮಿನ ಕೂಸುಗಳನ್ನು ನೆನೆಯುವ ಪದ್ಧತಿ ಸಭೆಯಲ್ಲಿ ಬಹಳ ಹಳೆಯದು. ಮತ್ತಾಯನು ಅಲ್ಲಿ ಪ್ರವಾದಿ ಯೆರೆಮೀಯನ ಮಾತು ತರುತ್ತಾನೆ. ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುತ್ತಿದ್ದಾಳೆ, ಸಮಾಧಾನ ಒಲ್ಲೆ ಅನ್ನುತ್ತಾಳೆ. ಅಷ್ಟೇ. ಯಾಕೆ ಹೀಗಾಯಿತು ಅಂತ ವಿವರಣೆ ಇಲ್ಲ, ಆ ತಾಯಂದಿರ ಬಾಯಿ ಮುಚ್ಚಿಸಲು ಯಾವ ದೂತನೂ ಬರುವುದಿಲ್ಲ. ಆ ಅಳುವನ್ನು ಸುವಾರ್ತೆಯೊಳಗೇ ಇಟ್ಟಿದ್ದಾನೆ, ಅಳಿಸಿಲ್ಲ. ಆ ಹೊತ್ತಿಗೆ ನಮ್ಮ ರಕ್ಷಕ ಅಪ್ಪ ಅಮ್ಮನ ಜೊತೆ ರಾತ್ರೋರಾತ್ರಿ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಓಡುತ್ತಿರುವ ಒಂದು ಕೂಸು. ನೋವೇ ಇಲ್ಲದ ಮೇಲಿನ ಲೋಕದಿಂದ ಸಮಾಧಾನ ಕಳಿಸಿ ಕೂತವನಲ್ಲ, ನಮ್ಮ ಮೈ ತೊಟ್ಟು ಬಂದವನು. ನಮ್ಮವರು ಮಷೀನಿನ ಪಕ್ಕ ಮಲಗಿ ತಣ್ಣಗಾದ ಕೈ ಚಾಚಿದಾಗಲೂ ಅವನು ಅಲ್ಲಿದ್ದ ಅಂತ ನಂಬಲು ನನಗೆ ಇಷ್ಟು ಸಾಕು.

ಕ್ರಿಸ್‌ಮಸ್ ದಿನ ಬೆಳಗಿನ ಆರಾಧನೆಗೆ ಹೋದೆ. ಹೊಸ ಸೀರೆ ಇರಲಿಲ್ಲ, ಇದ್ದದ್ದರಲ್ಲಿ ಇಸ್ತ್ರಿ ಮಾಡಿದ್ದು ಉಟ್ಟೆ. ನಮ್ಮವರು ಕೂರುತ್ತಿದ್ದ ಜಾಗ ಖಾಲಿ ಬಿಡದೆ ಸಂಡೆ ಸ್ಕೂಲಿನ ಎರಡು ಮಕ್ಕಳನ್ನು ತಂದು ಕೂರಿಸಿದಿರಲ್ಲ, ಅದು ಯಾರ ಯೋಚನೆಯೋ ಗೊತ್ತಿಲ್ಲ, ಅವರು ಸಂದೇಶದ ಉದ್ದಕ್ಕೂ ನನ್ನ ಬ್ಯಾಗಿನ ಜಿಪ್ಪು ತೆಗೆದು ಹಾಕಿ ಮಾಡಿದರು, ನನಗೆ ಅಳಲು ಪುರುಸೊತ್ತೇ ಸಿಗಲಿಲ್ಲ. ಕರ್ತನ ಭೋಜನಕ್ಕೆ ಎದ್ದಾಗ ಮಗಳು ಒಂದು ಕಡೆ, ಅತ್ತೆಯವರು ಇನ್ನೊಂದು ಕಡೆ. ಮೆಟ್ಟಿಲ ಹತ್ತಿರ ಆ ಹಿರಿಯರೇ ಬಂದು ಎರಡೂ ಕೈಯಿಂದ ಕೈ ಹಿಡಿದು "ಹ್ಯಾಪಿ ಕ್ರಿಸ್‌ಮಸ್ ರೀ" ಅಂದರು, ಮಧ್ಯಾಹ್ನ ಊಟಕ್ಕೂ ಕರೆದರು.

ಒಂದು ಕೆಲಸದ ಮಾತು ಉಳಿದಿದೆ. ಜುಲೈಯಿಂದ ಕ್ರಿಸ್‌ಮಸ್ ತನಕ ಬಂದ ಡಬ್ಬಿಗಳು ನಮ್ಮ ಅಡುಗೆಮನೆಯ ಕಟ್ಟೆ ತುಂಬಾ ಇವೆ. ಕೆಲವಕ್ಕೆ ಹೆಸರು ಕೆತ್ತಿಸಿದ್ದೀರಿ, ಅವು ಗೊತ್ತಾದವು. ಉಳಿದವು ಗೊತ್ತಾಗುತ್ತಿಲ್ಲ. ಹಿಡಿಕೆ ಮುರಿದ ನಾಲ್ಕು ಅಂತಸ್ತಿನ ಕ್ಯಾರಿಯರ್ ಯಾರದು? ನೀಲಿ ಮುಚ್ಚಳದ ದೊಡ್ಡದು? ಬರುವ ರವಿವಾರ ಆರಾಧನೆ ಮುಗಿಸಿ ಮನೆಗೆ ಬಂದು ನಿಮ್ಮ ನಿಮ್ಮದು ಗುರುತಿಸಿ ಒಯ್ಯಿರಿ. ಡಬ್ಬಿ ಖಾಲಿ ಕೊಡುವ ರೂಢಿ ನಮ್ಮಲ್ಲಿಲ್ಲ, ನಾನು ಮತ್ತು ಅತ್ತೆಯವರು ಕರ್ಚಿಕಾಯಿಗೆ ಕೊಬ್ಬರಿ ತುರಿದಿಟ್ಟಿದ್ದೇವೆ.